ಒಣಗಣ್ಣಿಗೊಂದು ಮರೆ

ನಮ್ಮ ಅಕ್ಕ ದಿನಾಲು ಸಂಜೆ ಆರು ಗಂಟೆಗೆ ಅಳುತ್ತ ಮನೆಗೆ ಬರುತ್ತಿದ್ದಳು.

ಟಿಳಕವಾಡಿಯ ನಮ್ಮ ಓಣಿಯವರೆಲ್ಲ ನೋಡುವಂತೆ ಸ್ಕೂಟರನ್ನು ಗೇಟಿನ ಮುಂದೆ ನಿಲ್ಲಿಸುವದು, ಹೆಲ್ಮೆಟ್ ತೆಗೆಯುವದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತುವದು: ಈ ದೃಶ್ಯ ಮಾಘ ಮಾಸದಿಂದ ಚೈತ್ರದ ವರೆಗೆ ಒಂದು ದಿನವೂ ತಪ್ಪದೆ ನಡೆಯಿತು. ಕೊನೆಗೆ ಎದುರು ಮನೆಯ ಕಾಕೂ ಒಂದು ದಿನ ನನ್ನನ್ನು ದಾರಿಯಲ್ಲಿ ತಡೆದು, ದನಿ ತಗ್ಗಿಸಿ ಕೇಳಿಯೇ ಬಿಟ್ಟರು: “ಏನಪಾ, ನಿಮ್ಮ ಅಕ್ಕಗ ಸಾಲ್ಯಾಗ ಯಾರರೆ ಏನರೆ ಅಂತಾರೇನು? ದಿನಾ ಅತ್ಕೋತ ಬರ್ತಾಳಲ್ಲ!”

“ಇಲ್ಲ ಕಾಕೂ, ಅಕೀ ಕಣ್ಣು ಒಣಗ್ಯಾವ,” ಎಂದೆ.

ಅವರು ನನ್ನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಕಾಲೇಜಿನಲ್ಲಿ ಕನ್ನಡ ಕಲಿಸುವ ಮನುಷ್ಯನಿಗೆ ‘ಒಣ’ ಮತ್ತು ‘ಹಸಿ’ ಎಂಬ ಎರಡು ಶಬ್ದಗಳ ಭೇದವೂ ತಿಳಿಯದೆ ಹೋಯಿತೇ ಎಂಬ ಮರುಕ ಆ ನೋಟದಲ್ಲಿತ್ತು. ಅವರದೇನೂ ತಪ್ಪಲ್ಲ. ಒಣಗಿದ ಕಣ್ಣು ಧಾರೆಯಾಗಿ ನೀರು ಸುರಿಸುತ್ತದೆಂದರೆ, ಬರಗಾಲ ಬಿದ್ದ ಊರಿನಲ್ಲಿ ಕೆರೆ ಕೋಡಿ ಹರಿಯಿತೆಂದು ಹೇಳಿದಂತೆಯೇ. ನನಗೂ ಮೊದಲು ನಂಬಿಕೆ ಬರಲಿಲ್ಲ. ನೇತ್ರವೈದ್ಯರು ತಿಳಿಯಹೇಳಿದ ಮೇಲೆ ಬಂತು. ಅದನ್ನೇ ವಾಚಕರಿಗೂ ತಿಳಿಸಿ ಮುಂದೆ ಹೋಗುತ್ತೇನೆ. ಏಕೆಂದರೆ ಇದು ತಿಳಿಯದೆ ಕನ್ನಡಕದ ಅಂಗಡಿಗೆ ಹೋದವರು ನಮ್ಮ ಹಾಗೆಯೇ ಎರಡು ಸಲ ಹಣ ಕಳೆದುಕೊಂಡು, ಮೂರನೆಯ ಸಲ ಬುದ್ಧಿ ಕಲಿಯಬೇಕಾಗುತ್ತದೆ.

ನಮ್ಮ ಕಣ್ಣಿನ ಮೇಲೆ ಸದಾ ಹರಡಿಕೊಂಡಿರುವ ನೀರು ದುಃಖಕ್ಕೆ ಹರಿಯುವ ಕಣ್ಣೀರಲ್ಲ. ಅದೊಂದು ಅತಿ ತೆಳುವಾದ ಪೊರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು-ನಾಲ್ಕು ಪಾಲಿನಷ್ಟು ಮಾತ್ರ ಅದರ ದಪ್ಪ. ಇಷ್ಟರಲ್ಲಿಯೇ ಮತ್ತೆ ಮೂರು ಅಂಶಗಳಿವೆ: ಕಣ್ಣಿನ ಗುಡ್ಡೆಗೆ ಹತ್ತಿಕೊಂಡಿರುವ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ಒಂದು ಪದರು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲಿ ನಿಂತಾಗ ಸಾರು ಬೇಗ ಆರುವದಿಲ್ಲವೆಂಬುದನ್ನು ಗೃಹಿಣಿಯರು ಬಲ್ಲರು. ಕಣ್ಣಿನ ಎಣ್ಣೆಯ ಕೆಲಸವೂ ಅದೇ. ನೀರು ಆವಿಯಾಗಿ ಹೋಗದಂತೆ ಅದು ಮುಚ್ಚಳವಾಗಿ ನಿಲ್ಲುತ್ತದೆ. ಈ ಎಣ್ಣೆಯನ್ನು ಒಸರುವ ಗ್ರಂಥಿಗಳು ರೆಪ್ಪೆಯ ಅಂಚಿನಲ್ಲಿ ಸಾಲಾಗಿವೆ. ಜರ್ಮನಿಯ ಹೈನ್‌ರಿಖ್ ಮೈಬೋಮ್ ಎಂಬ ವೈದ್ಯನು 1666ರಲ್ಲಿ ಇವುಗಳನ್ನು ವರ್ಣಿಸಿದ್ದರಿಂದ ಇವುಗಳಿಗೆ ಅವನ ಹೆಸರೇ ನಿಂತಿದೆ. ನಾವು ಎವೆ ಇಕ್ಕಿದಾಗಲೆಲ್ಲ ಈ ಮೂರೂ ಹೊಸದಾಗಿ ಸಾರಣೆಯಾಗುತ್ತವೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಹದಿನೈದು-ಇಪ್ಪತ್ತು ಸಲ ಎವೆಯಿಕ್ಕುವ ಮನುಷ್ಯನು ಕಂಪ್ಯೂಟರಿನ ಮುಂದೆ ಕುಳಿತರೆ ಐದಾರಕ್ಕೆ ಇಳಿಯುತ್ತಾನೆ; ಮೊಬೈಲು ಹಿಡಿದ ಹುಡುಗರಂತೂ ಎವೆ ಇಕ್ಕುವದನ್ನೇ ಮರೆತಿರುತ್ತಾರೆ.

ಎಣ್ಣೆ ಕಡಿಮೆಯಾದರೆ ಅಥವಾ ನೀರೇ ಕಡಿಮೆಯಾದರೆ ಪೊರೆ ಅಲ್ಲಲ್ಲಿ ಹರಿಯುತ್ತದೆ. ಬರಿದಾದ ಜಾಗ ಉರಿಯುತ್ತದೆ. ಉರಿ ಎದ್ದಿತೆಂದು ಮೆದುಳಿಗೆ ವರ್ದಿ ಹೋಗುತ್ತದೆ. ಅದು ಗಾಬರಿಗೊಂಡು ದೊಡ್ಡ ಗ್ರಂಥಿಯಿಂದ ಒಮ್ಮೆಲೇ ನೀರು ಬಿಡಿಸುತ್ತದೆ. ಈ ನೀರು ಬೆಂಕಿ ಆರಿಸಲು ಬಂದ ಬಂಬಿನ ನೀರಿನಂತೆ. ಕೆನ್ನೆಯ ಮೇಲೆ ಹರಿದುಹೋಗುತ್ತದೆಯೇ ಹೊರತು ಪೊರೆಯಾಗಿ ನಿಲ್ಲುವದಿಲ್ಲ. ಅಕ್ಕನ ‘ಅಳು’ವಿನ ಗುಟ್ಟು ಇದು.

ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ‘ಶುಷ್ಕಾಕ್ಷಿಪಾಕ’ವೆಂಬ ಒಂದು ನೇತ್ರರೋಗವನ್ನು ಹೇಳಿದೆ. ರೆಪ್ಪೆ ಗಡುಸಾಗಿ ರೂಕ್ಷವಾಗುವದು, ನೋಟ ಮಬ್ಬಾಗುವದು, ಕಣ್ಣು ತೆರೆಯುವದೇ ಕಷ್ಟವಾಗುವದು ಎಂಬ ಲಕ್ಷಣಗಳನ್ನು ಓದಿದಾಗ ನನಗೆ ಅಕ್ಕನ ಮುಖವೇ ಕಣ್ಣ ಮುಂದೆ ಬಂತು. “ಕಣ್ಣಾಗ ಉಸುಕು ಹೊಕ್ಕಂಗ ಆಗತೈತಿ,” ಎಂದು ಅವಳು ಒಂದೇ ಮಾತಿನಲ್ಲಿ ಹೇಳುತ್ತಿದ್ದದ್ದೂ ಇದನ್ನೇ.

ಇನ್ನು ಅವಳ ದಾರಿಯ ವಿಚಾರ. ಅಕ್ಕ ಖಾನಾಪುರದಲ್ಲಿ ಶಾಲೆಯ ಶಿಕ್ಷಕಿ. ಬೆಳಗಾವಿಯಿಂದ ಅಲ್ಲಿಗೆ ಸುಮಾರು 26 ಕಿಲೋಮೀಟರು. ಊರು ದಾಟುವ ಮೊದಲೇ ಉದ್ಯಮಬಾಗದ ಎರಕದ ಕಾರಖಾನೆಗಳು; ಆಮೇಲೆ ಪೀರನವಾಡಿ; ಅದರಾಚೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿರುವ ಮಚ್ಛೆ. ಗೋವೆಗೆ ಹೋಗುವ ಲಾರಿಗಳೆಲ್ಲ ಈ ಹೆದ್ದಾರಿಯಲ್ಲಿಯೇ. ಖಾನಾಪುರದ ಮಣ್ಣು ಹೆಂಚಿಗೆ, ಇಟ್ಟಿಗೆಗೆ, ಗಡಿಗೆ-ಮಡಕೆಗೆ ಹೆಸರಾದದ್ದು. ಆ ಹೆಸರಾದ ಮಣ್ಣು ಲಾರಿಯ ಗಾಲಿಗೆ ಸಿಕ್ಕು, ನಯವಾದ ಕೆಂಪು ಧೂಳಿಯಾಗಿ ಹಿಂದೆ ಬರುವವರ ಕಣ್ಣಿಗೆ ಬೀಳುವಾಗ ಅದರ ಕೀರ್ತಿಯನ್ನು ನೆನೆಯುವ ಸಹನೆ ಯಾರಿಗೂ ಇರುವದಿಲ್ಲ. ಬೆಳಗಾವಿಯೆಂದರೆ ತಂಪು ಊರೆಂದು ಹೊರಗಿನವರ ಎಣಿಕೆ. ತಂಪು ನಿಜ, ಆದರೆ ಚಳಿಗಾಲದಿಂದ ಮೊದಲ್ಗೊಂಡು ಮೃಗಶಿರಾ ಮಳೆ ಬೀಳುವ ವರೆಗೆ ಗಾಳಿಯಲ್ಲಿ ತೇವ ಕಡಿಮೆ. ತುಟಿ ಒಡೆಯುವ ಹವೆಯೇ ಕಣ್ಣನ್ನೂ ಒಣಗಿಸುವ ಹವೆ. ಅದರಲ್ಲಿ ತಾಸಿಗೆ ನಲವತ್ತು-ಐವತ್ತು ಕಿಲೋಮೀಟರಿನ ವೇಗದಲ್ಲಿ ಮುಖವೊಡ್ಡಿ ಹೋಗುವದೆಂದರೆ, ಒದ್ದೆ ಅರಿವೆಯನ್ನು ಬಿಸಿಲಿಗೆ ಹಾಕಿದ್ದಲ್ಲದೆ ಮೇಲೆ ಪಂಖಾ ಹಚ್ಚಿದಂತೆ.

ಬಸ್ಸಿನಲ್ಲಿ ಹೋಗಬಾರದೇ ಎಂದು ವಾಚಕರು ಕೇಳಬಹುದು. ಹೋಗಿ ನೋಡಿದಳು. ಕಿಟಕಿಯ ಪಕ್ಕದ ಜಾಗ ಸಿಕ್ಕರೆ ಸ್ಕೂಟರಿನ ಗಾಳಿಯೇ; ಸಿಗದಿದ್ದರೆ ನಿಂತುಕೊಳ್ಳುವದು. ಅಲ್ಲದೆ ನಿಲ್ದಾಣದಿಂದ ಅವಳ ಶಾಲೆ ದೂರ. ಆ ಮಾತು ಅಲ್ಲಿಗೇ ನಿಂತಿತು.

ಮೊದಲನೆಯ ಕನ್ನಡಕವನ್ನು ತಂದವನು ನಾನೇ. ಪೇಟೆಯ ಒಂದು ದೊಡ್ಡ ಅಂಗಡಿ. ಅಲ್ಲಿಯ ತರುಣ ನನ್ನ ಮುಂದೆ ಹತ್ತಾರು ಗಾಗಲುಗಳನ್ನು ಹರವಿ, “ಸರ್, ಇದ ತಗೋರಿ. ಎಷ್ಟ ಕಪ್ಪ ಐತಿ ನೋಡ್ರಿ, ಬಿಸಲು ಒಟ್ಟ ಒಳಗ ಬರಾಂಗಿಲ್ಲ,” ಎಂದ. ಕಪ್ಪಾದಷ್ಟೂ ಕಣ್ಣಿಗೆ ರಕ್ಷಣೆ ಹೆಚ್ಚು ಎಂಬ ಭಾವನೆ ನನ್ನ ತಲೆಯಲ್ಲಿಯೂ ಇತ್ತು. ತಂದೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು, “ಇದ ಹಾಕ್ಕೊಂಡ್ರ ಮೋತಿಬಿಂದು ಆಪರೇಶನ್ ಆದವರ ಹಂಗ ಕಾಣ್ತೀನಿ,” ಎಂದಳು. ಅವಳ ಮಾತಿಗೂ ಕಾರಣವಿದೆ. ‘ಕಣ್ಣು ಕೊಟ್ಟ ಅಣ್ಣ’ನೆಂದು ಜನ ಕೊಂಡಾಡಿದ ಡಾ. ಎಂ. ಸಿ. ಮೋದಿಯವರು ನೇತ್ರಶಿಬಿರಗಳನ್ನು ನಡೆಸಿದ ನಾಡು ನಮ್ಮದು. ಅಂಥ ಶಿಬಿರಗಳಿಂದ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದ ಅಜ್ಜ-ಅಜ್ಜಿಯರನ್ನು ನೋಡಿ ಬೆಳೆದವರಿಗೆ ಆ ಕಪ್ಪು ಗಾಜು ಬಿಸಿಲಿಗಿಂತ ಹೆಚ್ಚಾಗಿ ಮುಪ್ಪನ್ನು ನೆನಪಿಸುತ್ತದೆ.

ಆದರೂ ನನ್ನ ಮಾತಿಗೆ ಹಾಕಿಕೊಂಡಳು. ಸಂಜೆ ಎಂದಿನಂತೆ ಅಳುತ್ತ ಬಂದಳು.

ತಪ್ಪು ಎಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಒಣಗಣ್ಣಿನ ವೈರಿ ಮುಖ್ಯವಾಗಿ ಗಾಳಿ, ಬೆಳಕಲ್ಲ. ಕಪ್ಪು ಬಣ್ಣ ಬೆಳಕನ್ನು ತಡೆಯಬಹುದು, ಗಾಳಿಯನ್ನು ತಡೆಯಲಾರದು. ಚಪ್ಪಟೆಯಾದ ಗಾಜಿನ ಕನ್ನಡಕ ಹಾಕಿಕೊಂಡು ವೇಗದಿಂದ ಹೋದಾಗ ಎದುರಿನ ಗಾಳಿ ಗಾಜಿಗೆ ಬಡಿದು ಬದಿಗೆ ಸರಿಯುತ್ತದೆ. ಅಲ್ಲಿ ಕಪಾಲಕ್ಕೂ ಚೌಕಟ್ಟಿಗೂ ನಡುವೆ ಇರುವ ಸಂದಿಯಿಂದ ಒಳಸೇರಿ, ಗಾಜಿನ ಹಿಂದೆ ಸುಳಿಯಾಗಿ ತಿರುಗುತ್ತದೆ. ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಮನೆಯಂತೆ. ಆದ್ದರಿಂದ ಇಂಥ ಕನ್ನಡಕವನ್ನು ಆರಿಸುವಾಗ ಗಾಜಿನ ಮುಖವನ್ನು ನೋಡಿ ಪ್ರಯೋಜನವಿಲ್ಲ, ಸಂದಿಯನ್ನು ನೋಡಬೇಕು. ಹುಬ್ಬಿನ ಮೇಲೆ ಎಷ್ಟು ಸಂದಿ, ಕೆನ್ನೆಯ ಮೇಲೆ ಎಷ್ಟು, ಕಪಾಲದ ಬದಿಗೆ ಎಷ್ಟು, ಮೂಗಿನ ಬುಡದಲ್ಲಿ ಎಷ್ಟು? ಈ ನಾಲ್ಕೂ ಕಡೆ ಕಿರುಬೆರಳು ಸಲೀಸಾಗಿ ಹೋಗುವಂತಿದ್ದರೆ ಅದು ಅಲಂಕಾರದ ಕನ್ನಡಕ, ಔಷಧದ್ದಲ್ಲ.

ಎರಡನೆಯದನ್ನು ತಂದವರು ನಮ್ಮ ಭಾವ. ಅವರು ವ್ಯವಹಾರಸ್ಥರು. “ಗಾಳಿ ಬರಬಾರದಲ್ಲ? ಅಷ್ಟ ತಾನ?” ಎಂದು ಉದ್ಯಮಬಾಗದ ಕಡೆಗೆ ಹೋಗಿ, ಕಾರಖಾನೆಯ ಕೆಲಸಗಾರರು ಹಾಕಿಕೊಳ್ಳುವ ಸೇಫ್ಟಿ ಗಾಗಲನ್ನು ಇನ್ನೂರು ರೂಪಾಯಿಗೂ ಕಡಿಮೆ ಹಣದಲ್ಲಿ ತಂದರು. ಸುತ್ತಲೂ ಮೆತ್ತನೆಯ ಅಂಚು, ತಲೆಯ ಹಿಂದೆ ಪಟ್ಟಿ. ಮುಖಕ್ಕೆ ಮುಚ್ಚಳದಂತೆ ಕೂತಿತು. ಅಂದು ಸಂಜೆ ಅಕ್ಕ ಅಳದೆ ಮನೆಗೆ ಬಂದಳು. ಭಾವನವರು ನನ್ನ ಕಪ್ಪು ಗಾಗಲನ್ನು ಮೇಜಿನ ಮೇಲಿಟ್ಟು, ಏನೂ ಮಾತಾಡದೆ, ಚಹಾ ಕುಡಿದರು.

ಈ ವಿಜಯ ಜೂನ್ ತಿಂಗಳಿನ ವರೆಗೆ ನಡೆಯಿತು. ಖಾನಾಪುರದ ಮಳೆಯನ್ನು ಕಂಡವರೇ ಬಲ್ಲರು. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಕಾಡು ಎಲ್ಲ ಅದೇ ತಾಲೂಕು. ಮೊದಲ ಮಳೆಯ ಒಂದು ಸಂಜೆ ಶಾಲೆ ಬಿಟ್ಟು ಹೊರಟ ಅಕ್ಕನ ಗಾಗಲಿನ ಒಳಭಾಗಕ್ಕೆ ನಾಲ್ಕು ನಿಮಿಷದಲ್ಲಿ ಮಂಜು ಕಟ್ಟಿತು. ಒರೆಸಲು ನಿಲ್ಲಬೇಕೆಂದು ಎಡಕ್ಕೆ ಸರಿಯುವಷ್ಟರಲ್ಲಿ, ಹಿಂದೆ ದೀಪ ಹಚ್ಚದೆ ನಿಂತಿದ್ದ ಒಂದು ಟ್ರ್ಯಾಕ್ಟರಿನ ಡಬ್ಬಿ ಅವಳಿಗೆ ಕಾಣಲೇ ಇಲ್ಲ. ಕಂಡದ್ದು ಎರಡು ಮಾರಿನ ಅಂತರದಲ್ಲಿ. ಸ್ಕೂಟರು ಉರುಳಿ ಕೆಸರಿನಲ್ಲಿ ಬಿತ್ತು, ಮೊಣಕಾಲು ತರಚಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲವೆಂಬುದು ನಮ್ಮ ಪುಣ್ಯ. ಅಂದು ರಾತ್ರಿ ಭಾವನವರು ಚಹಾ ಕುಡಿಯಲಿಲ್ಲ.

ತಣ್ಣೀರಿನ ತಂಬಿಗೆಯ ಹೊರಮೈಗೆ ಬೇಸಿಗೆಯಲ್ಲಿ ಹನಿ ಕಟ್ಟುವದನ್ನು ಎಲ್ಲರೂ ನೋಡಿದ್ದೇವೆ. ಗಾಗಲಿನ ಒಳಗಾದದ್ದೂ ಅದೇ. ಕಣ್ಣಿನಿಂದ, ಚರ್ಮದಿಂದ, ಉಸಿರಿನಿಂದ ಬರುವ ಬೆಚ್ಚನೆಯ ತೇವ, ಮಳೆಯಿಂದ ತಣ್ಣಗಾದ ಗಾಜಿಗೆ ತಾಗಿ ನೀರಾಗುತ್ತದೆ. ಇಲ್ಲಿಯೇ ಈ ವಿಷಯದ ನಿಜವಾದ ತೊಡಕು ಇರುವದು. ಒಣಗಣ್ಣಿಗೆ ಬೇಕಾದದ್ದು ಆ ತೇವವೇ. ಅದನ್ನು ಒಳಗೆ ಕೂಡಿಡುವದೇ ಕನ್ನಡಕದ ಉದ್ದೇಶ. ಆದರೆ ಪೂರ್ತಿ ಕೂಡಿಟ್ಟರೆ ನೋಟವೇ ಹೋಗುತ್ತದೆ. ಆದ್ದರಿಂದ ಚೆನ್ನಾಗಿ ಮಾಡಿದ ಕನ್ನಡಕದಲ್ಲಿ ಗಾಳಿ ನೇರವಾಗಿ ನುಗ್ಗದಂತೆ, ಆದರೆ ನಿಧಾನವಾಗಿ ಹೊರಬೀಳುವಂತೆ, ಅಂಚಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಗಾಜಿನ ಒಳಮೈಗೆ ಮಂಜು ಕಟ್ಟದ ಲೇಪವಿರುತ್ತದೆ. ಕೊಳ್ಳುವಾಗ ಈ ಎರಡನ್ನೂ ಕೇಳಿಯೇ ಕೊಳ್ಳಬೇಕು. ಗಾಜಿಗೆ ಸಾಬೂನು ತಿಕ್ಕಿ ಒರೆಸಿದರೆ ಮಂಜು ಕಟ್ಟುವದಿಲ್ಲವೆಂದು ಕೆಲವರು ಹೇಳುತ್ತಾರೆ. ಲೇಪವಿಲ್ಲದ ಗಾಜಿಗೆ ಅದು ತುಸು ಹೊತ್ತು ನಡೆಯುವದೂ ಉಂಟು. ಆದರೆ ಮೊದಲೇ ಉರಿಯುವ ಕಣ್ಣಿನ ಪಕ್ಕಕ್ಕೆ ಸಾಬೂನನ್ನು ಒಯ್ಯುವ ಧೈರ್ಯ ನನಗಿಲ್ಲ.

ಮೂರನೆಯ ಸಲ ನಾವು ಅಂಗಡಿಗೆ ಹೋಗುವ ಮೊದಲು ಓದಿಕೊಂಡು ಹೋದೆವು. ಕಣ್ಣಿನ ಸುತ್ತ ತೇವದ ಗೂಡು ಕಟ್ಟುವ ವಿಚಾರ ಹೊಸದಲ್ಲವೆಂಬುದು ಆಗ ತಿಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೆನಡದ ಮಾಂಟ್ರಿಯಲ್ ನಗರದ ಫ್ರಾಂಕ್ ಬುಲ್ಲರ್ ಎಂಬ ನೇತ್ರವೈದ್ಯರು ಗಡಿಯಾರದ ಗಾಜನ್ನು ಪಟ್ಟಿಯಿಂದ ಕಣ್ಣಿನ ಮೇಲೆ ಅಂಟಿಸುವ ಕ್ರಮವನ್ನು ರೂಢಿಗೆ ತಂದಿದ್ದರು. ಒಂದು ಕಣ್ಣಿನ ಸೋಂಕು ಇನ್ನೊಂದಕ್ಕೆ ತಗಲದಿರಲೆಂದು ಅವರು ಅದನ್ನು ಮಾಡಿದ್ದು; ಮುಂದೆ ಅಂಥದೇ ಮರೆ, ಮುಖದ ಪಾರ್ಶ್ವವಾಯುವಿನಿಂದ ರೆಪ್ಪೆ ಮುಚ್ಚದಾದವರ ಕಣ್ಣು ಒಣಗದಂತೆ ಕಾಯಲು ಬಂತು. ಇಂದು ಅಮೇರಿಕೆಯಲ್ಲಿ ಸೆವೆನ್ ಐ, ಝಿಯೆನಾ, ವೈಲಿ ಎಕ್ಸ್ ಮೊದಲಾದ ಹೆಸರುಗಳಲ್ಲಿ ಗಾಳಿ ತಡೆಯುವ ಕನ್ನಡಕಗಳು ದೊರೆಯುತ್ತವೆ. ಜಪಾನಿನಲ್ಲಿ ಚೌಕಟ್ಟಿನಲ್ಲಿಯೇ ನೀರಿನ ಪುಟ್ಟ ತೊಟ್ಟಿ ಇರುವ ಕನ್ನಡಕವನ್ನೂ ಮಾಡಿದ್ದಾರೆ. 2017ರಲ್ಲಿ ನಾನಾ ದೇಶಗಳ ನೇತ್ರತಜ್ಞರು ಕೂಡಿ ಒಣಗಣ್ಣಿನ ಬಗೆಗೆ ಹೊರತಂದ ವಿಸ್ತಾರವಾದ ವರದಿಯಲ್ಲಿ ಇಂಥ ಕನ್ನಡಕಕ್ಕೆ ಚಿಕಿತ್ಸೆಯ ಎರಡನೆಯ ಮೆಟ್ಟಿಲಿನಲ್ಲಿ ಸ್ಥಾನ ಕೊಟ್ಟಿದ್ದಾರೆ. ಅಂದರೆ ಹನಿ ಔಷಧ, ರೆಪ್ಪೆಯ ಶುಚಿತ್ವ, ಸುತ್ತಲಿನ ಹವೆಯ ಸುಧಾರಣೆ ಇವು ಸಾಲದಾದಾಗ ಬರುವ ಉಪಾಯವಿದು.

ವಿದೇಶದ ಮಾಲು ನಮ್ಮಂಥ ಸಂಬಳದವರಿಗೆ ದುಬಾರಿ. ಆದರೆ ಅವುಗಳ ರಚನೆಯನ್ನು ತಿಳಿದುಕೊಂಡರೆ ಇಲ್ಲಿಯೇ ಸಿಗುವ ಮೋಟರ್‌ಸೈಕಲ್ ಸವಾರರ ಕನ್ನಡಕಗಳಲ್ಲಿ ಒಳ್ಳೆಯದನ್ನು ಹೆಕ್ಕಬಹುದು. ನಾವು ಅಂಗಡಿಯಲ್ಲಿ ಮಾಡಿದ ಪರೀಕ್ಷೆ ಹೀಗಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಮೇಜಿನ ಪಂಖದ ಮುಂದೆ ಕುಳಿತಳು. ನಾನು ಪಂಖವನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಿರುಗಿಸಿದೆ. ಎಲ್ಲಿಂದ ಗಾಳಿ ರೆಪ್ಪೆಗೆ ತಾಗಿತೋ ಆ ಕಡೆಗೆ ಅವಳು ಬೆರಳು ತೋರಿಸಬೇಕು. ಅಂಗಡಿಕಾರರು ಮೊದಲು ನಕ್ಕರು, ಆಮೇಲೆ ತಾವೇ ಪಂಖ ಹಿಡಿದು ನಿಂತರು. ಹನ್ನೊಂದು ಕನ್ನಡಕಗಳಲ್ಲಿ ಒಂಬತ್ತು ಮೂಗಿನ ಬುಡದಲ್ಲಿಯೇ ಸೋತವು. ಪರದೇಶದ ಉದ್ದ ಮೂಗಿಗೆಂದು ಎರಕ ಹೊಯ್ದ ಚೌಕಟ್ಟು ನಮ್ಮ ಮೂಗಿನ ಮೇಲೆ ಕೂತರೆ ಎರಡೂ ಬದಿಗೆ ಸುರಂಗ ಉಳಿಯುತ್ತದೆ. ಮೂಗಿನ ಮೆತ್ತೆಯನ್ನು ಹಿಂದೆ ಮುಂದೆ ಸರಿಸಲು ಬರುವಂಥದೇ ಬೇಕು. ಅಲ್ಲದೆ ಹೆಲ್ಮೆಟ್ಟನ್ನು ಜೊತೆಗೇ ಒಯ್ಯಬೇಕು. ಕನ್ನಡಕದ ಕಡ್ಡಿ ದಪ್ಪವಾಗಿದ್ದರೆ ಹೆಲ್ಮೆಟ್ ಅದನ್ನು ಒತ್ತಿ, ಒಂದು ಕಡೆಯ ಅಂಚು ಮುಖದಿಂದ ಎದ್ದು ನಿಲ್ಲುತ್ತದೆ. ತಾಸಿನ ಮೇಲೆ ಕಪಾಲವೂ ನೋಯುತ್ತದೆ. ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ ಇದ್ದರಂತೂ ಅರ್ಧ ಕೆಲಸ ಅದೇ ಮಾಡುತ್ತದೆ. ಅರ್ಧ ತಲೆಯ ಟೊಪ್ಪಿಗೆ ಹಾಕಿಕೊಂಡು ಬೆಲೆಬಾಳುವ ಕನ್ನಡಕ ಹುಡುಕುವವರನ್ನು ಕಂಡರೆ ನನಗೆ ಸೋಜಿಗವೆನಿಸುತ್ತದೆ.

ಅಂಚಿನ ಮೆತ್ತೆಯಲ್ಲಿ ಎರಡು ಬಗೆ. ಸ್ಪಂಜಿನದು ಮುಖಕ್ಕೆ ಹಿತವಾಗಿ ಹೊಂದುತ್ತದೆ, ಉಸಿರಾಡುತ್ತದೆ. ಆದರೆ ಬೆವರನ್ನೂ ಧೂಳನ್ನೂ ಹೀರಿಕೊಂಡು ಕೊಳೆಯ ಗೂಡಾಗುತ್ತದೆ. ವಾರಕ್ಕೊಮ್ಮೆಯಾದರೂ ಬಿಚ್ಚಿ, ಸೌಮ್ಯವಾದ ಸಾಬೂನಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಬಿಚ್ಚಲು ಬಾರದ ಸ್ಪಂಜು ಇದ್ದರೆ ಅದನ್ನು ಕೊಳ್ಳಲೇಬಾರದು. ಸಿಲಿಕೋನಿನದು ಒರೆಸಿದರೆ ಶುದ್ಧ, ಬಹುಕಾಲ ಬಾಳುತ್ತದೆ. ಆದರೆ ಬೇಸಿಗೆಯಲ್ಲಿ ಅದರಡಿ ಬೆವರುತ್ತದೆ. ಅಕ್ಕ ಸ್ಪಂಜಿನದನ್ನು ಆರಿಸಿದಳು. ನಾನಾದರೆ ಇನ್ನೊಂದನ್ನು ಆರಿಸುತ್ತಿದ್ದೆ, ಮುಖ ನನ್ನದಲ್ಲವಷ್ಟೆ.

ಗಾಜೆಂದು ರೂಢಿಯಿಂದ ಹೇಳಿದರೂ ಇದು ಗಾಜಾಗಿರಬಾರದು. ಕಲ್ಲು ಸಿಡಿದರೂ ಚೂರಾಗದ ಪಾಲಿಕಾರ್ಬೊನೇಟ್ ಆಗಿರಬೇಕು. ಅದು ಸೂರ್ಯನ ಅತಿನೇರಳೆ ಕಿರಣಗಳನ್ನು ಬಣ್ಣವಿಲ್ಲದೆಯೂ ತಡೆಯುತ್ತದೆ. ಚೌಕಟ್ಟಿನ ಮೇಲೆ ಭಾರತೀಯ ಮಾನಕದ ಐಎಸ್ 5983, ಯೂರೋಪಿನ ಇಎನ್ 166 ಅಥವಾ ಅಮೇರಿಕೆಯ ಝಡ್ 87 ಎಂಬ ಗುರುತು ಇದ್ದರೆ ಒಳ್ಳೆಯದು. ಬಣ್ಣದ ಕಪ್ಪಿಗೆ ಸೊನ್ನೆಯಿಂದ ನಾಲ್ಕರ ವರೆಗೆ ಅಂಕಗಳಿವೆ. ನಾಲ್ಕನೆಯದು ನೂರರಲ್ಲಿ ಎಂಟಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುವದಿಲ್ಲ. ಅದನ್ನು ಹಾಕಿಕೊಂಡು ವಾಹನ ನಡೆಸಲೇಬಾರದು. ಬೆಳಿಗ್ಗೆ ಬಿಸಿಲಲ್ಲಿ ಹೊರಟು ಕತ್ತಲಾಗುವಾಗ ಮರಳುವವರಿಗೆ ಬಣ್ಣವಿಲ್ಲದ ಗಾಜೇ ಲೇಸು. ಬಿಸಿಲಿಗೆ ತಾನಾಗಿ ಕಪ್ಪಾಗುವ ಗಾಜು ಇದೆಯಲ್ಲ ಎನ್ನಬಹುದು. ಹೆಲ್ಮೆಟ್ಟಿನ ಪರದೆಯ ಹಿಂದೆ ಅದು ಸರಿಯಾಗಿ ಕಪ್ಪಾಗುವದಿಲ್ಲ. ಅದನ್ನು ಕಪ್ಪಾಗಿಸುವ ಕಿರಣವನ್ನು ಆ ಪರದೆಯೇ ತಡೆದಿರುತ್ತದೆ.

ನಂಬರಿನ ಚಾಳೀಸು ಇರುವವರ ಪಾಡು ಬೇರೆ. ಮುಖವನ್ನು ಬಳಸಿ ಬಾಗಿದ ಚೌಕಟ್ಟಿಗೆ ಸಾಮಾನ್ಯ ಲೆಕ್ಕದಿಂದ ಗಾಜು ಕೊರೆದು ಕೂರಿಸಿದರೆ ನೆಲ ಓರೆಯಾಗಿ ಕಾಣುತ್ತದೆ, ತಲೆ ತಿರುಗುತ್ತದೆ. ಬಾಗನ್ನು ಹಿಡಿದು ಹೊಸ ಲೆಕ್ಕ ಹಾಕಬೇಕು. ಅದನ್ನು ಬಲ್ಲ ಅಂಗಡಿಯವರನ್ನೇ ಕೇಳಬೇಕು. ನಂಬರು ಬಹಳ ಹೆಚ್ಚಿದ್ದರೆ ತೀರ ಬಾಗಿದ ಚೌಕಟ್ಟಿನ ಆಸೆ ಬಿಟ್ಟು, ಇದ್ದ ಚಾಳೀಸಿಗೇ ಎರಡೂ ಬದಿಗೆ ಪಾರದರ್ಶಕವಾದ ರೆಕ್ಕೆಗಳನ್ನು ಕೂರಿಸಿಕೊಳ್ಳುವದು ವಾಸಿ. ಶಾಲೆಯಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ ತಿರುಗುವ ಪಂಖಕ್ಕೆ ಅಷ್ಟು ಸಾಕು. ಎ.ಸಿ. ಇರುವ ಕಡೆ ಅದರ ಬಾಯಿ ಮುಖಕ್ಕೆ ನೇರವಾಗದಂತೆ ಕುಳಿತುಕೊಳ್ಳುವದು ಯಾವ ಖರ್ಚೂ ಇಲ್ಲದ ಉಪಾಯ. ಕಂಪ್ಯೂಟರಿನ ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಟ್ಟುಕೊಂಡರೆ ರೆಪ್ಪೆ ಅರ್ಧ ಮುಚ್ಚಿಕೊಂಡು, ಒಣಗುವ ಜಾಗವೇ ಕಡಿಮೆಯಾಗುತ್ತದೆ. ರಾತ್ರಿ ಉತ್ತರಪತ್ರಿಕೆ ತಿದ್ದುವಾಗ ಅಕ್ಕ ಮಗನ ಈಜುವ ಗಾಗಲನ್ನು ಹಾಕಿಕೊಂಡು ನೋಡಿದ್ದೂ ಉಂಟು. ಬಲು ಹಿತವೆಂದಳು. ಆದರೆ ಮನೆಯ ಮಕ್ಕಳು ನಕ್ಕ ನಗೆಗೆ ತಿದ್ದುವ ಕೆಲಸ ಮುಂದೆ ಸಾಗಲಿಲ್ಲ.

ಇಷ್ಟಾದ ಮೇಲೆ, ಈ ಲೇಖನವನ್ನು ಬರೆಯಲು ಕಾರಣವಾದ ಸಂಗತಿಯನ್ನು ಹೇಳಬೇಕು. ಅದು ನಮ್ಮ ಮನೆಯವರೆಲ್ಲರ ತಪ್ಪು.

ಮೂರನೆಯ ಕನ್ನಡಕ ಚೆನ್ನಾಗಿ ನಡೆಯಿತು. ಎಷ್ಟು ಚೆನ್ನಾಗಿಯೆಂದರೆ, ವೈದ್ಯರು ಮತ್ತೆ ಬಂದು ಕಾಣಿರೆಂದು ಹೇಳಿದ್ದನ್ನು ನಾವು ಮರೆತೆವು. ಅಕ್ಕನ ಕಣ್ಣೀರು ನಿಂತಿತ್ತು, ಇನ್ನೇನು ಬೇಕು? ಆದರೆ ಅವಳು ಊಟಕ್ಕೆ ಕುಳಿತಾಗ ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದಳು. ಖಡಕ್ ರೊಟ್ಟಿಯನ್ನು ಬಿಟ್ಟೇ ಬಿಟ್ಟಿದ್ದಳು. “ವಯಸ್ಸಾತಪಾ, ಒಣಾ ರೊಟ್ಟಿ ಇಳಿಯಂಗಿಲ್ಲ,” ಎನ್ನುತ್ತಿದ್ದಳು. ಅವಳಿಗೆ ಆಗ ನಲವತ್ತಾರು. ಬೆಳಿಗ್ಗೆ ಬೆರಳುಗಳು ಬಿಗಿದು ಖಡು ಹಿಡಿಯಲು ಬಾರದು. ಎರಡು ದವಡೆ ಹಲ್ಲು ಒಂದೇ ವರುಷದಲ್ಲಿ ಹುಳುಕಾದವು. ಇವೆಲ್ಲ ಬೇರೆ ಬೇರೆ ಎಂದುಕೊಂಡು ಹಲ್ಲಿಗೊಬ್ಬ ವೈದ್ಯರು, ಬೆರಳಿಗೊಂದು ಎಣ್ಣೆ ಎಂದು ಎಂಟು ತಿಂಗಳು ಕಳೆದೆವು. ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಅದು ಕನ್ನಡಕದ ಹಿಂದೆ ಸುಖವಾಗಿತ್ತು.

ಕಡೆಗೆ ಒಂದು ದಿನ ಬೆಳಕನ್ನೇ ನೋಡಲಾರದಂಥ ನೋವು ಬಂದು ನೇತ್ರವೈದ್ಯರಲ್ಲಿಗೆ ಓಡಿದೆವು. ಅವರು ಸೋಸುಕಾಗದದ ಎರಡು ಸಣ್ಣ ಪಟ್ಟಿಗಳನ್ನು ಕೆಳರೆಪ್ಪೆಯ ಅಂಚಿಗೆ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಓಟೋ ಶಿರ್ಮರ್ ಎಂಬ ಜರ್ಮನ್ ವೈದ್ಯರು 1903ರಲ್ಲಿ ರೂಢಿಗೆ ತಂದ ಪರೀಕ್ಷೆಯಿದು, ಇಂದಿಗೂ ನಡೆದಿದೆ. ಹತ್ತು ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಚಿಂತೆಯಿಲ್ಲ. ಐದಕ್ಕೂ ಕಡಿಮೆಯಾದರೆ ಕೊರತೆ ನಿಜ. ಅಕ್ಕನ ಪಟ್ಟಿ ಒಂದು ಕಣ್ಣಿಗೆ ಮೂರು, ಇನ್ನೊಂದಕ್ಕೆ ಎರಡು. ವೈದ್ಯರು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ಬಾಯಿನೂ ಒಣಗತೈತೇನ್ರಿ?”

ಆ ಒಂದು ಪ್ರಶ್ನೆಗೆ ಹಲ್ಲು, ರೊಟ್ಟಿ, ಬೆರಳು ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಂತವು. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ತನ್ನ ಪ್ರಬಂಧದಲ್ಲಿ ವರ್ಣಿಸಿದ ವ್ಯಾಧಿ. ಶರೀರದ ರಕ್ಷಣೆಯ ಪಡೆಯೇ ದಾರಿ ತಪ್ಪಿ, ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಇದು ತಗಲುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಸ್ತ್ರೀಯರು. ಅವರಲ್ಲಿಯೂ ನಡುವಯಸ್ಸಿನವರೇ ಬಹಳ. ರಕ್ತಪರೀಕ್ಷೆಯಿಂದ ಅದು ಖಚಿತವಾಯಿತು. ಪೂರ್ತಿ ಗುಣವಾಗುವ ರೋಗವಲ್ಲ, ಹಿಡಿತದಲ್ಲಿ ಇಡಬಹುದು. ಸಂಧಿವಾತದ ವೈದ್ಯರು, ನೇತ್ರವೈದ್ಯರು, ದಂತವೈದ್ಯರು ಮೂವರೂ ಈಗ ಅವಳನ್ನು ನೋಡುತ್ತಾರೆ. ಸಂರಕ್ಷಕ ಬೆರೆಸದ ಹನಿ ಔಷಧ ಹಾಕಿಕೊಳ್ಳುತ್ತಾಳೆ. ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ತೂತಿಗೆ ಬಿರಡೆ ಇಟ್ಟಿದ್ದಾರೆ. ಹೊಲದ ನೀರು ಹರಿದುಹೋಗದಂತೆ ಒಡ್ಡು ಹಾಕಿದಂತೆ. ಎಂಟು ತಿಂಗಳು ಮೊದಲೇ ಬಂದಿದ್ದರೆ ಹಲ್ಲು ಉಳಿಯುತ್ತಿದ್ದವೋ ಏನೋ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದುದರಿಂದ ಕನ್ನಡಕ ಕೊಳ್ಳುವ ಮುಂಚೆ ಕಣ್ಣು ಏಕೆ ಒಣಗಿತೆಂದು ಕೇಳಿಕೊಳ್ಳಿರೆಂದು ನಾನು ವಾಚಕರಲ್ಲಿ ಬೇಡುತ್ತೇನೆ. ನೋವು, ಕೆಂಪು, ಬೆಳಕಿಗೆ ಅಂಜಿಕೆ, ನೋಟದ ಮಬ್ಬು, ರಾತ್ರಿ ರೆಪ್ಪೆ ಪೂರ್ತಿ ಮುಚ್ಚದಿರುವದು: ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರುವ ‘ಉರಿ ಕಡಿಮೆಯಾಗುವ’ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದೀತು. ಬಹುಕಾಲ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಸಂಚಕಾರ. ಚಿಕ್ಕ ಮಕ್ಕಳ ಕಣ್ಣು ಒಣಗಿ, ಸಂಜೆಗತ್ತಲಲ್ಲಿ ಅವರು ಎಡವತೊಡಗಿದರೆ ಅದು ಎ ಜೀವಸತ್ವದ ಕೊರತೆಯಿದ್ದೀತು. ಆಗ ಕನ್ನಡಕದ ಮಾತನ್ನೇ ಆಡಬಾರದು.

ಅಕ್ಕ ಈಗಲೂ ಖಾನಾಪುರಕ್ಕೆ ಸ್ಕೂಟರಿನ ಮೇಲೆಯೇ ಹೋಗುತ್ತಾಳೆ. ದಾರಿಗೆ ಸ್ಪಂಜಿನ ಕನ್ನಡಕ, ವರ್ಗದಲ್ಲಿ ರೆಕ್ಕೆಯ ಚಾಳೀಸು. ಮಳೆ ಜೋರಾದರೆ ದಾರಿಯ ಬದಿಗೆ ನಿಂತುಬಿಡುತ್ತಾಳೆ, ತಡವಾದರೆ ತಡ. ಮೊದಲ ದಿನ ಆ ಕನ್ನಡಕದೊಡನೆ ಶಾಲೆಯ ಅಂಗಳಕ್ಕೆ ಇಳಿದಾಗ ಎರಡನೆಯ ಇಯತ್ತೆಯ ಒಬ್ಬ ಹುಡುಗ ಓಡಿ ಬಂದು, “ಅಕ್ಕೋರ, ನೀವು ಇಮಾನ ಹಾರಸ್ತೀರೇನ್ರಿ?” ಎಂದು ಕೇಳಿದನಂತೆ. ಹೌದೆಂದು ಹೇಳಿದಳಂತೆ. ಅಂದಿನಿಂದ ಸ್ಕೂಟರನ್ನು ನೆರಳಿಗೆ ನಿಲ್ಲಿಸುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟಿಲ್ಲ.